ಚಿಕ್ಕಜಾಜೂರಿನ ಮೇಲ್ಸೇತುವೆ ಮೇಲೆ ಅರ್ಧ ದಿನ

ಮಗನಿಗೆ ಒಂಬತ್ತು ವರ್ಷ. ಹೊಗೆ ಬಿಡೋ ಚುಕುಬುಕು ರೈಲೇ ಬೇಕು ಅಂತ ಹಟ. ದಾವಣಗೆರೆಯಲ್ಲಿ ಅದನ್ನು ಎಲ್ಲಿಂದ ತರಲಿ? ನಮ್ಮಪ್ಪನ ಕಾಲದಲ್ಲಿ ಇಲ್ಲಿ ಮೀಟರ್ ಗೇಜ್ ಇತ್ತು, ಅಂದರೆ ಎರಡು ಹಳಿ ನಡುವೆ ಒಂದೇ ಮೀಟರ್. ಕಿಟಕಿ ಪಕ್ಕ ಕೂತರೆ ಕಣ್ಣಿಗೆ ಕಲ್ಲಿದ್ದಲಿನ ಚೂರು ಬೀಳುತ್ತಿತ್ತಂತೆ. ಈಗ ಆ ಅಂತರ 1676 ಮಿಲಿಮೀಟರ್, ಮೇಲೆ 25,000 ವೋಲ್ಟ್ ತಂತಿ. ‘ಹೊಗೆ ಇಲ್ಲ, ಗೂಡ್ಸ್ ನೋಡೋಣ ಬಾ’ ಅಂತ ಪುಸಲಾಯಿಸಿ ಒಂದು ಭಾನುವಾರ ಹೊರಡಿಸಿದೆ.

ಗೂಡ್ಸ್ ನೋಡೋಕೆ ಚಿಕ್ಕಜಾಜೂರೇ ಸರಿ. ಬೆಂಗಳೂರು–ಹುಬ್ಬಳ್ಳಿ ದಾರಿಗೆ ಚಿತ್ರದುರ್ಗ, ರಾಯದುರ್ಗ, ಬಳ್ಳಾರಿ ಕಡೆಯ ಹಳಿ ಬಂದು ಸೇರೋದು ಅಲ್ಲೇ. ತೋಳಹುಣಸೆ, ಮಾಯಕೊಂಡ ದಾಟಿ ಇಳಿದೆವು. ಕೈಯಲ್ಲಿ ಖಾರ ಮಂಡಕ್ಕಿ, ಮಿರ್ಚಿ ಪೊಟ್ಟಣ. ಪ್ಲಾಟ್‌ಫಾರಂ ಟಿಕೆಟ್‌ಗೆ ಎರಡೇ ಗಂಟೆ ಆಯಸ್ಸು, ಗೂಡ್ಸ್‌ಗೋ ನಮ್ಮಂಥವರ ಕೈಗೆ ಸಿಗೋ ವೇಳಾಪಟ್ಟಿನೇ ಇಲ್ಲ. ಅವತ್ತು ಎರಡು ಸಲ ಟಿಕೆಟ್ ತಗೊಂಡೆ.

ಮೊದಲ ಗಾಡಿ ಬಂದಾಗ ನನ್ನ ಬಾಯಲ್ಲಿ ಮಿರ್ಚಿ, ಎರಡೂ ಕೈ ಎಣ್ಣೆ. ಫೋನ್ ತೆಗೆಯೋ ಹೊತ್ತಿಗೆ ಗಾರ್ಡ್ ಡಬ್ಬಿಯೂ ಹೋಗಿತ್ತು. ಮಗ ನನ್ನ ಮುಖ ನೋಡಿದ.

ಆಮೇಲೆ ಮೇಲ್ಸೇತುವೆ ಬಿಡಲಿಲ್ಲ. ಪ್ಲಾಟ್‌ಫಾರಂನಿಂದ ನೋಡಿದರೆ ಡಬ್ಬಿಯ ಗೋಡೆ ಅಷ್ಟೇ ಕಾಣೋದು, ಮೇಲಿಂದ ಹೊಟ್ಟೆ ಕಾಣುತ್ತೆ. ಅದಿರು ತುಂಬಿದ ಗಾಡಿಯ ತಳದಲ್ಲಿ ಕೆಂಪು ಗುಡ್ಡೆಗಳು, ಮೇಲೆಲ್ಲ ಖಾಲಿ. ‘ಅರ್ಧ ಯಾರೋ ಕದ್ದಿದ್ದಾರೆ’ ಅಂದ ಮಗ. ಅದಿರು ಕಲ್ಲಿದ್ದಲಿಗಿಂತ ತುಂಬಾ ಭಾರ. ಅಷ್ಟಕ್ಕೇ ತೂಕದ ಮಿತಿ ಮುಟ್ಟುತ್ತೆ. ಕಲ್ಲಿದ್ದಲಾದರೆ ಅದೇ ಡಬ್ಬಿ ಕಂಠಮಟ್ಟ ತುಂಬಿರುತ್ತೆ. ಕಣ್ಣು ಮುಚ್ಚಿದರೂ ಗೊತ್ತಾಗುತ್ತೆ: ತುಂಬಿದ ಗಾಡಿ ಗುಂಯ್ ಅಂತ ಹೋಗುತ್ತೆ, ಖಾಲಿಯದು ತಗಡಿನ ಡಬ್ಬದ ಥರ ಲಟಲಟ ಅನ್ನುತ್ತೆ. (ಸೇತುವೆ ಮೇಲೆ ಸೆಲ್ಫಿ ಕೋಲು ಮಾತ್ರ ಚಾಚಬೇಡಿ. ತಂತಿ ಕೆಳಗೇ ಇರುತ್ತೆ.)

ಮಜಾ ಬಂದಿದ್ದು ಲೂಪ್ ಲೈನ್‌ನಲ್ಲಿ, ಅಂದರೆ ಮುಖ್ಯ ಹಳಿ ಪಕ್ಕದ ಹಳಿಯಲ್ಲಿ, ನಿಂತ ಗಾಡಿಯಿಂದ. ಪ್ರತಿ ಡಬ್ಬಿಗೂ ಹನ್ನೊಂದು ಅಂಕಿಯ ನಂಬರ್. ಮೊದಲೆರಡು ಡಬ್ಬಿಯ ಜಾತಿ, ಮುಂದಿನೆರಡು ಯಾವ ರೈಲ್ವೆಯದು ಅಂತ, ಆಮೇಲಿನೆರಡು ತಯಾರಾದ ವರ್ಷ, ನಂತರ ನಾಲ್ಕು ಅದರದೇ ನಂಬರ್. ಕೊನೆಯದು ತಾಳೆ ಅಂಕಿ, ಉಳಿದ ಹತ್ತೂ ಸರಿಯಾಗಿವೆಯಾ ಅಂತ ಲೆಕ್ಕ ಹಾಕಿ ನೋಡೋಕೆ. ಮಗನ ಕೈಗೆ ಪೆನ್ನು ಕೊಟ್ಟು ಟಿಕೆಟ್ ಹಿಂದೆ ಒಂದು ಡಬ್ಬಿಯ ಮೊದಲ ಹತ್ತು ಅಂಕಿ ಬರೆಸಿದೆ: 2214112305. ಎರಡು, ನಾಲ್ಕು, ಆರು, ಎಂಟು, ಹತ್ತನೇ ಜಾಗದ ಅಂಕಿ ಕೂಡಿದರೆ 15, ಅದರ ಮೂರರಷ್ಟು 45. ಉಳಿದವು ಕೂಡಿದರೆ 6. ಒಟ್ಟು 51. ಹತ್ತರ ಮಗ್ಗಿಯಲ್ಲಿ ಮುಂದಿನದು 60, ಅದಕ್ಕೆ ಬೇಕಾಗಿದ್ದು 9. ‘ಈಗ ಡಬ್ಬಿ ನೋಡು’ ಅಂದೆ. ಕೊನೇ ಅಂಕಿ 9! ಅಲ್ಲಿಂದ ಅವನಿಗೆ ಹೊಗೆ ನೆನಪಾಗಲೇ ಇಲ್ಲ.

ಸಿಗ್ನಲ್ ಹಸಿರಾಯಿತು. ಎಂಜಿನ್ ಜಗ್ಗಿತು. ಕೊಂಡಿಗಳು ಒಂದೊಂದೇ ಬಿಗಿದು ದಡ್ ದಡ್ ದಡ್ ಅಂತ ಸದ್ದು ನಮ್ಮ ಕಾಲಡಿ ಹಾದು ಹಿಂದಕ್ಕೆ ಓಡಿತು. ಆ ಸದ್ದಿಗೇ ನಾನು ಇಲ್ಲಿಗೆ ಬರೋದು, ಫೋಟೋ ಎಲ್ಲ ನೆಪ.

ಈಗ ಮನೆಯ ಟೀಪಾಯಿ ಮೇಲೆ ಬೆಂಕಿಪೊಟ್ಟಣದ ಗೂಡ್ಸ್ ಗಾಡಿ ನಿಂತಿದೆ, ಹದಿನಾಲ್ಕು ಡಬ್ಬಿ. ಪ್ರತಿಯೊಂದಕ್ಕೂ ಹನ್ನೊಂದು ಅಂಕಿ. ಏಳನೇದು ನಾನು ಬರೆದಿದ್ದು. ತಾಳೆ ಆಗಲಿಲ್ಲವಂತೆ, ಕೆಂಪು ಪೆನ್ನಲ್ಲಿ ಗೀಟು ಹಾಕಿ ಪಕ್ಕದ ಸೈಡಿಂಗ್‌ಗೆ ತಳ್ಳಿದ್ದಾನೆ.