50 ಪುಸ್ತಕದ ಗುರಿ ಬಿಡಿ, ಎಂಟು ಜನರನ್ನು ಹಿಡಿಯಿರಿ

ಕಳೆದ ಜನವರಿಯಲ್ಲಿ 50 ಪುಸ್ತಕ ಓದುತ್ತೇನೆ ಅಂತ ಜಂಬದಿಂದ ಬರೆದಿಟ್ಟಿದ್ದೆ. ಓದಿದ್ದು 31. ಅದರಲ್ಲೂ ಡಿಸೆಂಬರಿನಲ್ಲಿ ಲೆಕ್ಕ ತುಂಬಿಸಲು ಸುಮ್ನೆ ತೆಳ್ಳನೆಯ ಪುಸ್ತಕಗಳನ್ನೇ ಹುಡುಕಿ ಹುಡುಕಿ ಓದಿದೆ, ಈಗ ಒಂದರ ಹೆಸರೂ ಸರಿಯಾಗಿ ನೆನಪಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಮಾತ್ರ ಇಡೀ ವರ್ಷ ಕಪಾಟಿನಲ್ಲೇ ಕೂತಿತ್ತು. ಎಣಿಕೆಯ ಗುರಿ ಇಟ್ಟರೆ ದಪ್ಪ ಪುಸ್ತಕಕ್ಕೆ ಕೈಹಾಕಲು ಮನಸ್ಸೇ ಬರಲ್ಲ, ಅಲ್ವಾ?

ಈ ಸಲ ಹೀಗೆ ಮಾಡುತ್ತಿದ್ದೇನೆ, ನೀವೂ ನೋಡಿ. ಕನ್ನಡಕ್ಕೆ ಜ್ಞಾನಪೀಠ ತಂದ ಎಂಟು ಜನರನ್ನು ಅವರವರು ಹುಟ್ಟಿದ ತಿಂಗಳಲ್ಲಿ ಓದುವುದು. ಜನವರಿಗೆ ಬೇಂದ್ರೆ ಮತ್ತು ಕಂಬಾರ, ಮೇ ತಿಂಗಳಿಗೆ ಕಾರ್ನಾಡ, ಜೂನ್‌ಗೆ ಮಾಸ್ತಿ, ಆಗಸ್ಟ್‌ಗೆ ಗೋಕಾಕ, ಅಕ್ಟೋಬರ್‌ಗೆ ಕಾರಂತ, ಡಿಸೆಂಬರ್‌ಗೆ ಕುವೆಂಪು ಮತ್ತು ಅನಂತಮೂರ್ತಿ. ಎಂಟೂ ಜನ ಗಂಡಸರೇ ಅನ್ನುವುದು ಪಟ್ಟಿ ಬರೆಯುವಾಗ ಕಣ್ಣಿಗೆ ಬಿತ್ತು, ಹಾಗಾಗಿ ಖಾಲಿ ತಿಂಗಳುಗಳಿಗೆ ತ್ರಿವೇಣಿ, ವೈದೇಹಿ, ಸಾರಾ ಅಬೂಬಕ್ಕರ್, 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಗೆದ್ದ ಬಾನು ಮುಷ್ತಾಕ್.

ಬೇಂದ್ರೆಯವರನ್ನು ಜೋರಾಗಿ ಓದಿ, ಬರೀ ಕಣ್ಣಲ್ಲಿ ಓದಿದರೆ ಅರ್ಧ ರುಚಿ ಸಿಗಲ್ಲ. ಮದುಮಗಳನ್ನು ಡಿಸೆಂಬರಿಗೆ ಬಿಡಬೇಡಿ. ಅಕ್ಟೋಬರ್ ಮಧ್ಯದಲ್ಲೇ ಶುರು ಮಾಡಿ, ದಿನಕ್ಕೆ 10 ಪುಟ ಓದಿದರೆ ವರ್ಷದೊಳಗೆ ಮುಗಿಯುತ್ತದೆ.

ಇನ್ನೊಂದು, ಓದಿ ಮುಗಿಸಿದ ದಿನ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ತಾರೀಕು ಮತ್ತು ಒಂದು ಸಾಲು ಬರೆದಿಡಿ. ಲೈಬ್ರರಿ ಪುಸ್ತಕವಾದರೆ ದಯವಿಟ್ಟು ಡೈರಿಯಲ್ಲಿ!