ಏರ್‌ಸಾಫ್ಟ್ ಮ್ಯಾಗಜಿನ್: ಗುಂಡು ಏರದಿದ್ದಾಗ ದೋಷ ಹುಡುಕುವ ಕ್ರಮ

ಮಳೆಗಾಲ ಕಳೆದು ಕಾಸರಗೋಡಿನ ಬದಿಯಡ್ಕ, ಪೆರ್ಲ ಕಡೆಯ ಗುಡ್ಡೆಗಳಲ್ಲಿ ಮುಳಿಹುಲ್ಲು ಒಣಗತೊಡಗಿದಾಗ, ನಾಲ್ಕು ತಿಂಗಳು ಕಪಾಟಿನಲ್ಲಿದ್ದ, ಪುಟ್ಟ ಪ್ಲಾಸ್ಟಿಕ್ ಗುಂಡು ಹಾರಿಸುವ ಆಟದ ಏರ್‌ಸಾಫ್ಟ್ ಗನ್ನುಗಳು ಹೊರಬರುತ್ತವೆ. ಅವುಗಳ ಹಿಂದೆಯೇ ಒಂದು ದೂರೂ ಬರುತ್ತದೆ: ಮೋಟರು ತಿರುಗುತ್ತದೆ, ಸದ್ದೂ ಕೇಳಿಸುತ್ತದೆ, ಗುಂಡು ಮಾತ್ರ ಹೊರಡುವುದಿಲ್ಲ. ಆಗ ಗನ್ನಿನ ಸ್ಕ್ರೂ ಬಿಚ್ಚಲು ಕುಳಿತುಕೊಳ್ಳಬಾರದು. ಗೇರ್‌ಬಾಕ್ಸ್ ತೆರೆದು ಮತ್ತೆ ಜೋಡಿಸುವುದು ಪಳಗಿದ ಕೈಗಳ ಕೆಲಸ. ನಮ್ಮ ತಂಡದ ಗನ್ನುಗಳಲ್ಲಿ ನಾನು ಕಂಡಂತೆ, ಹೆಚ್ಚಿನ ಸಲ ದೋಷವಿದ್ದದ್ದು ಮ್ಯಾಗಜಿನ್ನಿನಲ್ಲಿ, ಅಂದರೆ ಗುಂಡು ತುಂಬಿ ಗನ್ನಿಗೆ ಸಿಕ್ಕಿಸುವ ಡಬ್ಬಿಯಲ್ಲಿ, ಅಥವಾ ಅದಕ್ಕೆ ತುಂಬಿದ ಗುಂಡುಗಳಲ್ಲಿ.

ಪರೀಕ್ಷೆಗೆ ಮುನ್ನ ಕಣ್ಣಿಗೆ ರಕ್ಷಣಾ ಕನ್ನಡಕ ಹಾಕಿಕೊಳ್ಳಿ. ಮ್ಯಾಗಜಿನ್ ತೆಗೆದ ಬಳಿಕವೂ ಒಳಗೆ ಒಂದು ಗುಂಡು ಉಳಿದಿರಬಹುದಾದ್ದರಿಂದ, ಯಾರೂ ಇಲ್ಲದ ಕಡೆ ಮೆತ್ತನೆಯ ಮಣ್ಣಿಗೆ ಗುರಿಯಿಟ್ಟು ಒಂದೆರಡು ಬಾರಿ ಹೊಡೆದು, ಆಮೇಲೆ ಬ್ಯಾಟರಿಯನ್ನು ಬೇರ್ಪಡಿಸಿ. 0.20 ಗ್ರಾಂ ತೂಕದ ಗುಂಡು ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹೊರಟರೆ ಅದರ ಶಕ್ತಿ 1 ಜೂಲ್. ಚರ್ಮಕ್ಕೆ ಅದು ಚುರುಕು ಮುಟ್ಟಿಸೀತು, ಕಣ್ಣನ್ನಾದರೋ ಕೆಡಿಸಿಯೇ ಬಿಡಬಹುದು.

ಮ್ಯಾಗಜಿನ್ನಿನ ಒಳಗೆ ಗುಂಡುಗಳು ಓಡುವ ಒಂದು ಕಿರಿದಾದ ಓಣಿ ಇರುತ್ತದೆ. ಉದ್ದನೆಯ ತೆಳು ಸ್ಪ್ರಿಂಗೊಂದು, ತನ್ನ ತುದಿಯಲ್ಲಿರುವ ಫಾಲೋವರ್ ಎಂಬ ಪ್ಲಾಸ್ಟಿಕ್ ತುಂಡಿನ ಮೂಲಕ, ಗುಂಡುಗಳ ಸಾಲನ್ನು ಮೇಲಕ್ಕೆ ದೂಡುತ್ತಲೇ ಇರುತ್ತದೆ. ಬಾಯಿಯಲ್ಲಿರುವ ಪುಟ್ಟ ತಡೆ ಅವನ್ನು ಹಿಡಿದಿಡುತ್ತದೆ. ಮ್ಯಾಗಜಿನ್ ಗನ್ನಿನೊಳಗೆ ಕೂತಾಗ ಆ ತಡೆ ಸರಿದು ಗುಂಡು ನಳಿಗೆಯ ಬುಡದ ಹಾಪ್-ಅಪ್ ಕೋಣೆಗೆ ಏರುತ್ತದೆ; ಅಲ್ಲಿರುವ ರಬ್ಬರು ಗುಂಡಿಗೆ ತಾಗಿ ಅದನ್ನು ಹಿಮ್ಮುಖವಾಗಿ ಸುತ್ತಿಸುತ್ತದೆ. ಸೆಕೆಂಡಿಗೆ 20 ಗುಂಡು ಹಾರಿಸುವ ಗನ್ನಿನಲ್ಲಿ ಒಂದು ಸುತ್ತಿಗೆ ಸಿಗುವ ಸಮಯ ಸೆಕೆಂಡಿನ 20ನೆಯ ಒಂದು ಭಾಗ ಮಾತ್ರ, ಅದರಲ್ಲಿಯೂ ಗಾಳಿ ಊದುವ ನಾಝಲ್ ಹಿಂದೆ ಸರಿದಿರುವ ಕ್ಷಣದಲ್ಲಷ್ಟೇ ಗುಂಡು ಏರಬೇಕು. ಒಂದೊಂದಾಗಿ ಹೊಡೆದಾಗ ಸರಿಯಾಗಿದ್ದು, ಒತ್ತಿ ಹಿಡಿದಾಗ ನಡುನಡುವೆ ಖಾಲಿ ಹೊಡೆಯುವ ಗನ್ನನ್ನು ಕಂಡರೆ, ಸ್ಪ್ರಿಂಗ್ ಸೋತಿದೆಯೋ ಓಣಿಯಲ್ಲಿ ಕೊಳೆ ಸೇರಿದೆಯೋ ಎಂದು ಮೊದಲು ಸಂಶಯಪಡಬೇಕಾದ್ದು ಇದಕ್ಕಾಗಿಯೇ.

ಈಗ ದೋಷ ಯಾವ ಕಡೆಯದೆಂದು ಬೇರ್ಪಡಿಸೋಣ. ಅದೇ ಗನ್ನಿಗೆ ಇನ್ನೊಂದು ಮ್ಯಾಗಜಿನ್ ಹಾಕಿ ನೋಡಿ. ಆಮೇಲೆ ಮೊದಲಿನ ಮ್ಯಾಗಜಿನ್ನನ್ನು ಅದೇ ಮಾದರಿಯ ಬೇರೆ ಗನ್ನಿಗೆ ಹಾಕಿ. ತೊಂದರೆ ಮ್ಯಾಗಜಿನ್ನಿನ ಜೊತೆಗೇ ಹೋದರೆ ಗನ್ ನಿರ್ದೋಷಿ. ಎರಡನೆಯ ಗನ್ ಇಲ್ಲದವರು ಮ್ಯಾಗಜಿನ್ನನ್ನು ಬೋಗುಣಿಯ ಮೇಲೆ ತಲೆಕೆಳಗಾಗಿ ಹಿಡಿದು, ಬಾಯಿಯ ತಡೆಯನ್ನು ಸಣ್ಣ ಕಡ್ಡಿಯಿಂದ ಒತ್ತಬಹುದು. ಗುಂಡುಗಳು ಸರಸರನೆ ಒಂದೇ ಧಾರೆಯಾಗಿ ಸುರಿಯಬೇಕು. ಸುರಿದು, ನಿಂತು, ತಟ್ಟಿದಾಗ ಮತ್ತೆ ಸುರಿದರೆ ಓಣಿಯಲ್ಲಿ ಅಡ್ಡಿಯಿದೆ. ಮ್ಯಾಗಜಿನ್ ತೆಗೆದಾಗ ಮೂರು ನಾಲ್ಕು ಗುಂಡುಗಳು ಕೆಳಗೆ ಉದುರುವುದು ಮಾತ್ರ ದೋಷವಲ್ಲ. ಅವು ತಡೆಯನ್ನು ದಾಟಿ ಕೊರಳಿನಲ್ಲಿ ಉಳಿದವು.

ಗುಂಡುಗಳ ವಿಚಾರದಲ್ಲಿ ನಾನು ಬಹಳ ಕಟ್ಟುನಿಟ್ಟು. ಹೆಸರಿಗೆ 6 ಮಿ.ಮೀ. ಎಂದಿದ್ದರೂ ಒಳ್ಳೆಯ ಗುಂಡಿನ ವ್ಯಾಸ ಸುಮಾರು 5.95 ಮಿ.ಮೀ., ನಳಿಗೆಯ ಒಳವ್ಯಾಸ ಸಾಮಾನ್ಯವಾಗಿ 6.03ರಿಂದ 6.08 ಮಿ.ಮೀ. ಇಷ್ಟು ಕಿರಿದಾದ ಅಂತರದಲ್ಲಿ ಉಬ್ಬುಗೆರೆಯಿರುವ ಅಗ್ಗದ ಗುಂಡು ಸಿಕ್ಕಿಕೊಳ್ಳದಿದ್ದರೆ ಅದೇ ಆಶ್ಚರ್ಯ. ಪೊಟ್ಟಣದಿಂದ ಹತ್ತು ಗುಂಡು ತೆಗೆದು ಗಾಜಿನ ಮೇಲೆ ಉರುಳಿಸಿ, ಕುಂಟುವುದನ್ನು ಬದಿಗಿಡಿ. ವರ್ನಿಯರ್ ಇದ್ದರೆ ಎರಡು ದಿಕ್ಕಿನಲ್ಲಿ ಅಳೆಯಿರಿ. ಒಮ್ಮೆ ಹೊಡೆದ ಗುಂಡನ್ನು ಹೆಕ್ಕಿ ತೊಳೆದು ಮತ್ತೆ ತುಂಬುವ ಉಳಿತಾಯ ಬೇಡವೇ ಬೇಡ. ನಮ್ಮ ಗುಡ್ಡೆಯ ಮುರಕಲ್ಲಿನ ಹುಡಿ ತೊಳೆದರೂ ಗೀರುಗಳಲ್ಲಿ ಉಳಿದು, ಓಣಿಯನ್ನೂ ಹಾಪ್-ಅಪ್‌ನ ರಬ್ಬರನ್ನೂ ತರಚುತ್ತದೆ. ಮಣ್ಣಿನಲ್ಲಿ ಕರಗುವ ಜೈವಿಕ ಗುಂಡುಗಳನ್ನು ತೋಟದ ಒಳಿತಿಗಾಗಿ ಬಳಸುವುದು ಸರಿಯೇ, ಆದರೆ ಅವು ತೇವ ಹೀರಿ ಊದಿಕೊಳ್ಳಬಲ್ಲವು. ಮಳೆಗಾಲದುದ್ದಕ್ಕೂ ತೆರೆದಿಟ್ಟ ಪೊಟ್ಟಣದ ಜೈವಿಕ ಗುಂಡನ್ನು ಅಳೆಯದೆ ತುಂಬಬೇಡಿ.

ಗುಂಡು ಸರಿಯಿದ್ದು ಮ್ಯಾಗಜಿನ್ ಕೆಟ್ಟಿದೆಯೆಂದಾದರೆ, ಬಿಚ್ಚುವ ಮೊದಲು ಅದರ ಜಾತಿ ತಿಳಿಯಿರಿ. ಕೆಳಗೆ ಹಲ್ಲುಚಕ್ರವಿರುವ ಹೈ-ಕ್ಯಾಪ್ ಮ್ಯಾಗಜಿನ್ನಿಗೆ ಗಡಿಯಾರದಂತೆ ಕೀ ಕೊಡುತ್ತಿರಬೇಕು. ಆಟದ ನಡುವೆ ಅದನ್ನು ಮರೆತವರು ಮ್ಯಾಗಜಿನ್ ಕೆಟ್ಟಿತೆನ್ನುವುದುಂಟು. ಮಿಡ್-ಕ್ಯಾಪ್‌ಗೆ ಕೀ ಇಲ್ಲ, ಇರುವುದು ಸ್ಪ್ರಿಂಗ್ ಒಂದೇ. ಅದಕ್ಕೆ ಬಾಯಿತನಕ ಗುಂಡು ಒತ್ತಿ ತುರುಕಿದರೆ ಮೊದಲ ಗುಂಡುಗಳೇ ಬಿಗಿಯುತ್ತವೆ. ಐದಾರು ಕಡಿಮೆ ತುಂಬಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಕೆಲಸ ಮುಗಿಯುತ್ತದೆ.

ಬಿಚ್ಚಲೇಬೇಕಾದರೆ ಮೊದಲು ಗುಂಡುಗಳನ್ನೆಲ್ಲ ಖಾಲಿ ಮಾಡಿ, ಮ್ಯಾಗಜಿನ್ನನ್ನು ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟುಕೊಂಡು ಸ್ಕ್ರೂ ತೆಗೆಯಿರಿ. ಸ್ಪ್ರಿಂಗ್ ಸಿಡಿದರೂ ಚೀಲದಲ್ಲೇ ಉಳಿಯುತ್ತದೆ. ಮುಚ್ಚಳ ಎತ್ತಿದ ಕೂಡಲೇ ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿಡಿ. ಓಣಿಯನ್ನು ಒಣಬಟ್ಟೆಯಿಂದ, ಮೂಲೆಗಳನ್ನು ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಒರೆಸಿ. ಎರಡು ಅರ್ಧಗಳು ಕೂಡುವಲ್ಲಿ ಬೆರಳಿಗೆ ಏಣು ತಾಗಿದರೆ ನಯವಾದ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಹುಡಿ ತೆಗೆಯಿರಿ. ಮಡಚಿದ ಅಥವಾ ತುಕ್ಕು ಹಿಡಿದ ಸ್ಪ್ರಿಂಗನ್ನು ಎಳೆದು ಉದ್ದ ಮಾಡಿ ಬಳಸುವುದು ನಾಲ್ಕು ದಿನದ ಉಪಾಯ, ಹೊಸತನ್ನೇ ಹಾಕಿ. ಮತ್ತೆ ಜೋಡಿಸುವಾಗ ಸ್ಕ್ರೂಗಳನ್ನು ವಿಪರೀತ ಬಿಗಿದರೆ ಓಣಿಯೇ ಕಿರಿದಾಗುತ್ತದೆ.

ಎಣ್ಣೆಯ ವಿಷಯ ಬಿಡಿಸಿ ಹೇಳಲೇಬೇಕು, ಏಕೆಂದರೆ ನಮ್ಮೂರಿನಲ್ಲಿ ಬೀಗಕ್ಕೂ ಬಾಗಿಲಿಗೂ ತೆಂಗಿನೆಣ್ಣೆಯೇ ಮದ್ದು. ಸುಮಾರು 24 ಡಿಗ್ರಿಯ ಕೆಳಗೆ ಅದು ಹೆಪ್ಪುಗಟ್ಟುತ್ತದೆ; ಧನು ತಿಂಗಳ ಬೆಳಗ್ಗೆ ಬಾಟಲಿಯಲ್ಲಿ ಆಗುವುದೇ ಮ್ಯಾಗಜಿನ್ನಿನ ಓಣಿಯಲ್ಲೂ ಆಗುತ್ತದೆ, ಜೊತೆಗೆ ಹುಡಿಯೂ ಅಂಟುತ್ತದೆ. ಪೆಟ್ರೋಲಿಯಂ ಮೂಲದ ಸ್ಪ್ರೇಗಳು ರಬ್ಬರನ್ನು ಊದಿಸುತ್ತವೆ. ಬೇಕಾದ್ದು ಶುದ್ಧ ಸಿಲಿಕೋನ್ ಎಣ್ಣೆ, ಅದೂ ಬಟ್ಟೆಗೆ ಒಂದೇ ಹನಿ ಹಾಕಿ ಒರೆಸುವಷ್ಟು ಮಾತ್ರ. ಹೆಚ್ಚಾದರೆ ಅದು ಗುಂಡಿನೊಂದಿಗೆ ಹಾಪ್-ಅಪ್ ರಬ್ಬರಿಗೆ ಸೇರಿ, ಗುಂಡಿಗೆ ಬೇಕಾದ ಹಿಂಸುತ್ತು ಸಿಗದೆ ಹೋಗುತ್ತದೆ.

ಹೊರಗೆ ಸರಾಗ ಸುರಿಯುವ ಮ್ಯಾಗಜಿನ್ ಗನ್ನಿನಲ್ಲಿ ಮಾತ್ರ ತಪ್ಪಿದರೆ, ಗಾತ್ರ ಹೊಂದುತ್ತಿಲ್ಲವೆಂದು ತಿಳಿಯಬೇಕು. ಮ್ಯಾಗಜಿನ್ನನ್ನು ಕೈಯಿಂದ ಮೇಲಕ್ಕೆ ಒತ್ತಿ ಹಿಡಿದು ಹೊಡೆಯಿರಿ. ಆಗ ಗುಂಡು ಏರಿದರೆ ಮ್ಯಾಗಜಿನ್ ಅರೆ ಮಿಲಿಮೀಟರೋ ಒಂದೋ ಕೆಳಗೆ ಕೂತಿದೆ ಎಂದರ್ಥ. ಅದರ ಬೆನ್ನಿಗೆ ವಿದ್ಯುತ್ ಟೇಪನ್ನು ಒಂದೊಂದೇ ಪದರವಾಗಿ ಅಂಟಿಸಿ, ಅಲುಗಾಟ ನಿಂತೊಡನೆ ನಿಲ್ಲಿಸಿ. ಒತ್ತಿದರೂ ಏರದು, ಎಲ್ಲ ಮ್ಯಾಗಜಿನ್ನುಗಳಲ್ಲೂ ಇದೇ ಪಾಡು ಎಂದಾದರೆ ಬ್ಯಾಟರಿಯನ್ನು ಪೂರ್ತಿ ಚಾರ್ಜ್ ಮಾಡಿ ಇನ್ನೊಮ್ಮೆ ನೋಡಿ. ಅದೂ ಫಲಿಸದಿದ್ದರೆ ಮಾತ್ರ ಹಾಪ್-ಅಪ್ ಕೋಣೆ, ನಾಝಲ್ಲುಗಳ ತಪಾಸಣೆಗೆ ಗನ್ನನ್ನು ಬಲ್ಲವರ ಕೈಗೆ ಕೊಡಿ.

ವರ್ಷಕ್ಕೆ ಮೂರು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ಮೇ ತಿಂಗಳ ಕೊನೆಯ ಆಟ ಮುಗಿದ ಸಂಜೆಯೇ ಮ್ಯಾಗಜಿನ್ನುಗಳನ್ನು ಖಾಲಿ ಮಾಡಿ, ಒರೆಸಿ, ಗುಂಡಿನ ಪೊಟ್ಟಣದೊಂದಿಗೆ ಬಿಗಿಮುಚ್ಚಳದ ಡಬ್ಬಿಯಲ್ಲಿ ಎತ್ತಿಡಿ, ಮನೆಯಲ್ಲಿ ಹಲಸಿನ ಹಪ್ಪಳ ಎತ್ತಿಡುವಷ್ಟೇ ಜತನದಿಂದ.