ಪ್ರಾಸ್ಪೆಕ್ಟಸ್ ಓದುವಾಗ ನಾನು ಪದಗಳನ್ನು ಬಿಡಿಸಿಕೊಂಡ ಬಗೆ

ಕಾಲೇಜು ಸೇರುವ ಮುಂಚೆ ಪ್ರಾಸ್ಪೆಕ್ಟಸ್ ಮತ್ತು ನಿಯಮಾವಳಿ ಓದಲು ನಾನು ಒಂದು ನೋಟ್‌ಬುಕ್ ಇಟ್ಟುಕೊಂಡು, ಪ್ರತಿ ಪುಟಕ್ಕೂ ನಾಲ್ಕು ಕಾಲಂ ಹಾಕಿದೆ. ಒಂದರಲ್ಲಿ ಪದ, ಇನ್ನೊಂದರಲ್ಲಿ ಅದರ ಅರ್ಥ, ಮೂರನೆಯದರಲ್ಲಿ ಆ ಪದಕ್ಕೆ ಅಂಟಿಕೊಂಡಿರುವ ಅಂಕಿ ಅಥವಾ ತಾರೀಕು, ನಾಲ್ಕನೆಯದರಲ್ಲಿ ಅದು ತಪ್ಪಿದರೆ ಆಗುವ ನಷ್ಟ. ಅರ್ಥ ಎಲ್ಲಿ ಬೇಕಾದರೂ ಸಿಗುತ್ತದೆ. ಕೊನೆಯ ಎರಡು ಕಾಲಂ ಖಾಲಿ ಇದ್ದರೆ ಆ ಪದ ಇನ್ನೂ ತಿಳಿದಿಲ್ಲ ಎಂದೇ ಲೆಕ್ಕ.

ಮೊದಲು ಬಿಡಿಸಿಕೊಂಡದ್ದು ‘ಕೋರ್ಸ್’. ನಮ್ಮ ಮಾತಿನಲ್ಲಿ ‘ಯಾವ ಕೋರ್ಸ್ ಮಾಡ್ತಿದೀಯ?’ ಅಂದರೆ ಬಿ.ಎಸ್ಸಿ.ಯೋ ಬಿ.ಕಾಂ. ಓ ಎಂದರ್ಥ. ನಿಯಮಾವಳಿಯಲ್ಲಿ ಇಡೀ ಪದವಿಗೆ ‘ಪ್ರೋಗ್ರಾಂ’ ಎನ್ನುತ್ತಾರೆ. ಸೆಮಿಸ್ಟರ್‌ನಲ್ಲಿ ಓದುವ ಒಂದೊಂದು ಸಬ್ಜೆಕ್ಟ್‌ಗೆ ‘ಕೋರ್ಸ್’ ಎನ್ನುತ್ತಾರೆ. ಇದು ಗೊತ್ತಿಲ್ಲದವರಿಗೆ ‘ಕೋರ್ಸ್ ಕೈಬಿಡಲು ಕೊನೆಯ ದಿನ’ ಎಂಬ ಸಾಲು ಕಾಲೇಜನ್ನೇ ಬಿಡುವ ಮಾತಿನಂತೆ ಕಾಣುತ್ತದೆ, ಅವರು ಆ ತಾರೀಕನ್ನು ಗಮನಿಸುವುದೇ ಇಲ್ಲ.

ಆಮೇಲೆ ಕ್ರೆಡಿಟ್. ಅದು ಅಂಕವಲ್ಲ, ಒಂದು ಸಬ್ಜೆಕ್ಟ್‌ನ ತೂಕ. ಸಾಮಾನ್ಯವಾಗಿ ಸೆಮಿಸ್ಟರ್ ಪೂರ್ತಿ ವಾರಕ್ಕೆ 1 ಗಂಟೆ ಪಾಠಕ್ಕೆ 1 ಕ್ರೆಡಿಟ್, 2 ಗಂಟೆ ಲ್ಯಾಬ್‌ಗೆ 1 ಕ್ರೆಡಿಟ್. ಸಿಲಬಸ್‌ನಲ್ಲಿ 3-0-2 ಎಂದಿದ್ದರೆ 3 ಗಂಟೆ ಪಾಠ, ಟ್ಯುಟೋರಿಯಲ್ ಇಲ್ಲ, 2 ಗಂಟೆ ಲ್ಯಾಬ್ ಎಂದು ಓದಬೇಕು. ಅಲ್ಲಿಗೆ 4 ಕ್ರೆಡಿಟ್, ಆದರೆ ವಾರಕ್ಕೆ 5 ಗಂಟೆ. ವೇಳಾಪಟ್ಟಿ ಎಷ್ಟು ತುಂಬುತ್ತದೆ ಎಂದು ತಿಳಿಯಲು ನಾನು ಗಂಟೆಗಳನ್ನೇ ಕೂಡಿದೆ, ಕ್ರೆಡಿಟ್‌ಗಳನ್ನಲ್ಲ. ಬೇರೆ ಬೇರೆ ದೇಶದ ಪ್ರಾಸ್ಪೆಕ್ಟಸ್ ಹೋಲಿಸುವವರು ಇನ್ನೂ ಎಚ್ಚರ ವಹಿಸಬೇಕು. ಅಮೆರಿಕದ ನಾಲ್ಕು ವರ್ಷದ ಪದವಿಗೆ ಸಾಮಾನ್ಯವಾಗಿ 120 ಕ್ರೆಡಿಟ್, ಯುರೋಪಿನ ದೇಶಗಳು ಬಳಸುವ ಇಸಿಟಿಎಸ್ ಎಂಬ ಕ್ರೆಡಿಟ್ ಪದ್ಧತಿಯಲ್ಲಿ ಒಂದೇ ವರ್ಷಕ್ಕೆ 60, ಮೂರು ವರ್ಷಕ್ಕೆ 180. ಇಸಿಟಿಎಸ್‌ನ 1 ಕ್ರೆಡಿಟ್ ಎಂದರೆ ಮನೆಯಲ್ಲಿ ಕೂತು ಓದುವುದೂ ಸೇರಿ 25ರಿಂದ 30 ಗಂಟೆ ಕೆಲಸ. ಅಳತೆಗೋಲೇ ಬೇರೆ, ಹಾಗಾಗಿ 180 ಎಂದು ಕಂಡ ತಕ್ಷಣ ಅದು 120ಕ್ಕಿಂತ ಭಾರದ ಪದವಿ ಎಂದುಕೊಳ್ಳಬಾರದು.

ಕ್ರೆಡಿಟ್ ನಿಜವಾಗಿ ಅರ್ಥವಾಗುವುದು ಎಸ್‌ಜಿಪಿಎ, ಅಂದರೆ ಕ್ರೆಡಿಟ್‌ನ ತೂಕ ಸೇರಿಸಿ ತೆಗೆದ ಒಂದು ಸೆಮಿಸ್ಟರ್‌ನ ಸರಾಸರಿ, ಲೆಕ್ಕ ಹಾಕಿದಾಗ. ಕಾಗದದ ಮೇಲೆ ಒಂದು ಸಲ ಕೈಯಾರೆ ಮಾಡಿ ನೋಡಿ. ಗಣಿತ 4 ಕ್ರೆಡಿಟ್, ಗ್ರೇಡ್ ಪಾಯಿಂಟ್ (ಬಂದ ಗ್ರೇಡ್‌ಗೆ ಕೊಡುವ ಅಂಕಿ) 6; ರಸಾಯನಶಾಸ್ತ್ರ 4 ಕ್ರೆಡಿಟ್, 7; ಭಾಷೆ 2 ಕ್ರೆಡಿಟ್, 9; ಲ್ಯಾಬ್ 1 ಕ್ರೆಡಿಟ್, 10 ಎಂದಿಟ್ಟುಕೊಳ್ಳಿ. ಗುಣಿಸಿದರೆ 24, 28, 18, 10, ಕೂಡಿದರೆ 80. ಒಟ್ಟು ಕ್ರೆಡಿಟ್ 11ರಿಂದ ಭಾಗಿಸಿದರೆ 7.27. ನಾಲ್ಕು ಗ್ರೇಡ್‌ಗಳ ಬರೀ ಸರಾಸರಿ ತೆಗೆದರೆ 8 ಬರುತ್ತದೆ, ಅದು ತಪ್ಪು. ಈಗ ಗಣಿತದಲ್ಲಿ ಒಂದು ಪಾಯಿಂಟ್ ಏರಿಸಿ: 7.64. ಗಣಿತವನ್ನು ಹಾಗೇ ಬಿಟ್ಟು ಲ್ಯಾಬ್‌ನಲ್ಲಿ ಒಂದು ಪಾಯಿಂಟ್ ಇಳಿಸಿ: 7.18. ಓದುವ ಸಮಯ ಯಾವುದಕ್ಕೆ ಹೆಚ್ಚು ಕೊಡಬೇಕೆಂದು ಈ ಎರಡು ಅಂಕಿಗಳೇ ಹೇಳುತ್ತವೆ. ಎಲ್ಲ ಸೆಮಿಸ್ಟರ್‌ಗಳನ್ನೂ ಸೇರಿಸಿದ ಸರಾಸರಿಯಾದ ಸಿಜಿಪಿಎಗೂ ಇದೇ ಕ್ರಮ. 20 ಕ್ರೆಡಿಟ್‌ನ ಸೆಮಿಸ್ಟರ್‌ನಲ್ಲಿ 8, 26 ಕ್ರೆಡಿಟ್‌ನದರಲ್ಲಿ 7 ಬಂದರೆ ಸಿಜಿಪಿಎ 7.5 ಅಲ್ಲ, 7.43. ಇನ್ನು ಶೇಕಡಾವಾರಿಗೆ ಪರಿವರ್ತಿಸುವ ಸೂತ್ರ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಅವರ ನಿಯಮಾವಳಿಯಲ್ಲಿರುವುದನ್ನೇ ಬಳಸಬೇಕು.

‘ಪ್ರೀರಿಕ್ವಿಸಿಟ್’ ಎಂದರೆ ಒಂದನ್ನು ಪಾಸು ಮಾಡಿದ ಮೇಲಷ್ಟೇ ಇನ್ನೊಂದಕ್ಕೆ ಪ್ರವೇಶ. ‘ಕೋರಿಕ್ವಿಸಿಟ್’ ಎಂದರೆ ಎರಡನ್ನೂ ಜೊತೆಗೇ ಓದಬೇಕು. ಇದಕ್ಕೆ ನಾಲ್ಕು ಕಾಲಂ ಸಾಲದೆ, ಎಲ್ಲ ಸಬ್ಜೆಕ್ಟ್‌ಗಳನ್ನು ಒಂದು ಹಾಳೆಯಲ್ಲಿ ಬರೆದು ಬಾಣ ಎಳೆದೆ. ಅತಿ ಉದ್ದದ ಸರಪಳಿ ಎಲ್ಲಿದೆಯೋ ಅಲ್ಲೇ ಅಪಾಯ. ಸರಪಳಿಯ ಮೊದಲ ಸಬ್ಜೆಕ್ಟ್ ಬೆಸ ಸೆಮಿಸ್ಟರ್‌ನಲ್ಲಿ ಮಾತ್ರ ನಡೆಯುತ್ತಿದ್ದರೆ, ಅದರಲ್ಲಿ ಫೇಲಾದವರು ಕಳೆದುಕೊಳ್ಳುವುದು ಆರು ತಿಂಗಳಲ್ಲ, ಪೂರ್ತಿ ಒಂದು ವರ್ಷ. ‘ಬ್ಯಾಕ್ (ಫೇಲಾಗಿ ಬಾಕಿ ಉಳಿದ ಸಬ್ಜೆಕ್ಟ್) ಒಂದೇ ತಾನೇ ಉಳಿದಿದೆ’ ಅನ್ನುವ ಮುಂಚೆ ಆ ಬ್ಯಾಕ್ ಬಾಣದ ಯಾವ ತುದಿಯಲ್ಲಿದೆ ಎಂದು ನೋಡಬೇಕು.

ಡ್ರಾಪ್ ಮತ್ತು ವಿತ್‌ಡ್ರಾ ಎರಡೂ ಸಬ್ಜೆಕ್ಟ್ ಬಿಡುವುದೇ, ನಡುವೆ ಒಂದು ತಾರೀಕಿನ ಗೆರೆ ಇದೆ. ಡ್ರಾಪ್ ಅವಧಿಯೊಳಗೆ ಬಿಟ್ಟರೆ ಸಾಮಾನ್ಯವಾಗಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಎಲ್ಲ ಸಬ್ಜೆಕ್ಟ್ ಮತ್ತು ಗ್ರೇಡ್‌ಗಳಿರುವ ಅಧಿಕೃತ ದಾಖಲೆಯಲ್ಲಿ, ಅದರ ಗುರುತೇ ಇರುವುದಿಲ್ಲ. ಆ ದಿನ ದಾಟಿ ಬಿಟ್ಟರೆ ಅದು ವಿತ್‌ಡ್ರಾ, ಅಲ್ಲಿ ‘ಡಬ್ಲ್ಯು’ ಎಂದು ಬೀಳುತ್ತದೆ. ಆ ‘ಡಬ್ಲ್ಯು’ ಸಾಮಾನ್ಯವಾಗಿ ಸರಾಸರಿಗೆ ಸೇರುವುದಿಲ್ಲ, ಆದರೆ ಶುಲ್ಕ ಪೂರ್ತಿ ವಾಪಸ್ ಬಾರದಿರಬಹುದು. ಅರ್ಜಿ ಕೊಡದೆ ಸುಮ್ಮನೆ ತರಗತಿಗೆ ಹೋಗುವುದನ್ನು ನಿಲ್ಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಹೆಸರು ಪಟ್ಟಿಯಲ್ಲೇ ಉಳಿದು ಕೊನೆಗೆ ಫೇಲ್ ಎನ್ನುವ ‘ಎಫ್’ ಗ್ರೇಡ್ ಬರುತ್ತದೆ, ಸೊನ್ನೆ ಪಾಯಿಂಟ್ ಸರಾಸರಿಯನ್ನು ಎಳೆದು ಬೀಳಿಸುತ್ತದೆ. ‘ಆಡಿಟ್’ ಅಂದರೆ ಕೂತು ಕೇಳುವುದಷ್ಟೇ, ಕ್ರೆಡಿಟ್ ಸಿಗದು.

ದುಡ್ಡಿನ ಪದಗಳಲ್ಲಿ ಟ್ಯೂಷನ್ ಫೀ ಎಂಬುದು ಪಾಠದ ಶುಲ್ಕ ಮಾತ್ರ. ಪರೀಕ್ಷೆ, ಲ್ಯಾಬ್, ಹಾಸ್ಟೆಲ್ ಬೇರೆ ಸಾಲುಗಳಲ್ಲಿರುತ್ತವೆ. ಹಿಂದಿರುಗಿಸುವ ಠೇವಣಿಯನ್ನು ಖರ್ಚಿನ ಜೊತೆ ಕೂಡದೆ ಪಕ್ಕಕ್ಕೆ ಬರೆದೆ. ಸ್ಕಾಲರ್‌ಶಿಪ್ ಎದುರು ಮೊತ್ತಕ್ಕಿಂತ ಮೊದಲು ಎರಡು ಅಂಕಿ ಬರೆದುಕೊಳ್ಳಿ: ಎಷ್ಟು ವರ್ಷ ಸಿಗುತ್ತದೆ, ಅದು ಮುಂದುವರಿಯಲು ಕನಿಷ್ಠ ಎಷ್ಟು ಸಿಜಿಪಿಎ ಬೇಕು. ‘ಪ್ರಾವಿಷನಲ್’ ಪ್ರವೇಶ ಅಂದರೆ ಸೀಟು ಕೈಗೆ ಬಂದಿದೆ, ಆದರೆ ಒಂದು ದಾಖಲೆಯೋ ಫಲಿತಾಂಶವೋ ಬಾಕಿ ಇದೆ. ಅದನ್ನು ಒಪ್ಪಿಸುವ ಕೊನೆಯ ದಿನವನ್ನು ಪತ್ರದಲ್ಲಿ ಹುಡುಕಿ ಕೆಂಪು ಪೆನ್ನಿನಲ್ಲಿ ಬರೆದಿಟ್ಟೆ.

ಗುಣಮಟ್ಟ ಪರಿಶೀಲಿಸಿ ಕೊಡುವ ಮಾನ್ಯತೆಯಲ್ಲಿ ಎರಡು ಬಗೆ. ಒಂದು ಸಂಸ್ಥೆಗೆ, ಇನ್ನೊಂದು ಆಯಾ ಪ್ರೋಗ್ರಾಂಗೆ. ಭಾರತದಲ್ಲಿ ನ್ಯಾಕ್ ಎಂಬ ಮಂಡಳಿ ಮೊದಲನೆಯದನ್ನು ನೋಡಿದರೆ, ತಾಂತ್ರಿಕ ಪ್ರೋಗ್ರಾಂಗಳನ್ನು ಎನ್‌ಬಿಎ ಎಂಬ ಮಂಡಳಿ ನೋಡುತ್ತದೆ. ಎರಡಕ್ಕೂ ಅವಧಿ ಇರುತ್ತದೆ. ಆ ಅವಧಿ ಮುಗಿಯುವ ವರ್ಷವನ್ನು ಮೂರನೆಯ ಕಾಲಂನಲ್ಲಿ ಬರೆದು, ಪಕ್ಕದಲ್ಲೇ ಪದವಿ ಮುಗಿಯುವ ವರ್ಷವನ್ನೂ ಬರೆದೆ.